ಹತ್ತು ಸಾವಿರಕ್ಕೊಂದು ಸೀಟಿ

2005ರ ನವೆಂಬರ್ 20. ಬ್ರೆಜಿಲ್ ದೇಶದ ಸಾವೊ ಪೌಲೊ ನಗರ, ಪಕಯೆಂಬು ಮೈದಾನ. ಕೊರಿಂಥಿಯನ್ಸ್ ಮತ್ತು ಇಂಟರ್‌ನ್ಯಾಸಿಯೊನಾಲ್ ಅನ್ನೋ ಎರಡು ತಂಡಗಳಿಗೆ ಫುಟ್‌ಬಾಲ್ ಪಂದ್ಯ. ಆ ವರ್ಷದ ರಾಷ್ಟ್ರೀಯ ಚಾಂಪಿಯನ್ ಯಾರು ಅನ್ನೋದಕ್ಕೆ ಈ ಇಬ್ಬರ ನಡುವೆಯೇ ಪೈಪೋಟಿ. ಎರಡೂ ಕಡೆ ಒಂದೊಂದು ಗೋಲು ಆಗಿತ್ತು. ಇಂಟರ್ ತಂಡದ ತಿಂಗಾ ಅನ್ನೋ ಕಪ್ಪು ಆಟಗಾರ ಚೆಂಡು ತಗೊಂಡು ಗೋಲಿನ ಹತ್ತಿರ ನುಗ್ಗಿದ. ಕೊರಿಂಥಿಯನ್ಸ್ ಗೋಲಿ ಫಾಬಿಯೊ ಕೋಸ್ತ ಅಡ್ಡ ಬಂದು ಅವನನ್ನು ಕೆಡವಿದ. ಆಟ ಬಲ್ಲ ಯಾರೇ ಆಗಲಿ ಅದನ್ನು ಪೆನಾಲ್ಟಿ ಅಂತಾರೆ. ರೆಫರಿ ಮಾರ್ಸಿಯೊ ರೆಜೆಂಡೆ ದ ಫ್ರೈತಾಸ್ ಸೀಟಿ ಊದಿದ. ಊದಿ, ಓಡಿ ಬಂದು, ತಿಂಗಾನಿಗೇ ಹಳದಿ ಕಾರ್ಡು ತೋರಿಸಿದ. ನೀನು ಬೇಕಂತ ಬಿದ್ದು ನಾಟಕ ಆಡ್ತಿದೀಯ ಅನ್ನೋದು ಅದರ ಅರ್ಥ. ತಿಂಗಾನಿಗೆ ಅದು ಎರಡನೇ ಹಳದಿ. ಎರಡು ಹಳದಿ ಸೇರಿದರೆ ಒಂದು ಕೆಂಪು. ಬಿದ್ದವನು ಮೈದಾನ ಬಿಟ್ಟು ಹೋದ, ಬೀಳಿಸಿದವನು ಆಟ ಮುಂದುವರಿಸಿದ.

ಆ ರೆಫರಿ ದುಡ್ಡು ತಿಂದಿದ್ದ ಅಂತ ನಾವು ಹೇಳ್ತಾ ಇಲ್ಲ. ಹಾಗನ್ನೋದಕ್ಕೆ ಯಾವ ಸಾಕ್ಷಿಯೂ ಇಲ್ಲ. ತಾನು ಕೊಟ್ಟ ತೀರ್ಪು ತಪ್ಪು ಅಂತ ಆತ ಮುಂದೆ ಒಪ್ಪಿಕೊಂಡ. ಮನುಷ್ಯನ ಕಣ್ಣು, ತಪ್ಪು ಆಗ್ತದೆ. ಆದರೆ ಇಂಟರ್ ತಂಡದ ಊರಾದ ಪೋರ್ತೊ ಅಲೆಗ್ರೆಯಲ್ಲಿ ಅದು ಬರೀ ಕಣ್ತಪ್ಪು ಅಂತ ನಂಬಲು ಜನ ತಯಾರಿರಲಿಲ್ಲ. ಇಪ್ಪತ್ತು ವರ್ಷ ಕಳೆದರೂ 2005 ಅಂದರೆ ಅಲ್ಲಿನವರ ಹೊಟ್ಟೆ ಉರೀತದೆ. ಒಬ್ಬ ರೆಫರಿಯ ಒಂದು ತಪ್ಪನ್ನು ತಪ್ಪು ಅಂತ ಕ್ಷಮಿಸುವ ಶಕ್ತಿಯನ್ನೇ ಆ ಜನರಿಂದ ಕಿತ್ತುಕೊಂಡವರು ಯಾರು? ನಮ್ಮ ಪ್ರಶ್ನೆ ಇದು.

ಬ್ರೆಜಿಲಿನ ಫುಟ್‌ಬಾಲು ನಮಗ್ಯಾಕೆ ಅಂತ ಕೇಳುವ ಗೆಳೆಯರಿದ್ದಾರೆ. ಪೆಲೆಯ ಹೆಸರು ಕೇಳದ ಮಾಸ್ತರರು ಕಡಿಮೆ. ಬಡವರ ಮನೆಯ ಕಪ್ಪು ಹುಡುಗ ಜಗತ್ತನ್ನೇ ಗೆದ್ದ ಅಂತ ಮಕ್ಕಳಿಗೆ ಹೇಳುವ ನಾವು, ಆ ಹುಡುಗರು ಆಡಿದ ಆಟವನ್ನು ಯಾರು ಯಾರು ಯಾವ ಯಾವ ರೇಟಿಗೆ ಮಾರಿಕೊಂಡರು ಅನ್ನೋದನ್ನೂ ತಿಳಿದಿರಬೇಕು.

ಮೊದಲು ಈ ಎರಡು ಕ್ಲಬ್ಬುಗಳ ಹುಟ್ಟು ನೋಡೋಣ. ಕೊರಿಂಥಿಯನ್ಸ್ ಹುಟ್ಟಿದ್ದು 1910ರ ಸೆಪ್ಟೆಂಬರ್ 1ರಂದು, ಸಾವೊ ಪೌಲೊದ ಬೊಂ ರೆತಿರೊ ಅನ್ನೋ ಕೂಲಿಕಾರರ ಕೇರಿಯಲ್ಲಿ. ಕಟ್ಟಿದವರು ಐದು ಜನ ದುಡಿಯುವವರು. ಗೋಡೆಗೆ ಬಣ್ಣ ಬಳಿಯುವವರು, ಜೋಡು ಹೊಲಿಯುವವನು, ಗಾಡಿ ಹೊಡೆಯುವವನು, ಮೈಮುರಿದು ಕೂಲಿ ಮಾಡುವವನು. ಮೊದಲ ಅಧ್ಯಕ್ಷ ಒಬ್ಬ ದರ್ಜಿ. ಬೀದಿ ದೀಪದ ಬೆಳಕಲ್ಲಿ ಸೇರಿ ಕ್ಲಬ್ಬು ಕಟ್ಟಿದರು ಅಂತ ಅಲ್ಲಿಯ ಜನ ಹೆಮ್ಮೆಯಿಂದ ಹೇಳ್ಕೊತಾರೆ. ಜನರ ತಂಡ ಅನ್ನೋದೇ ಅದರ ಬಿರುದು.

ಇಂಟರ್ ಹುಟ್ಟಿದ್ದು 1909ರಲ್ಲಿ. ಪೋರ್ತೊ ಅಲೆಗ್ರೆಯಲ್ಲಿ ಅದಕ್ಕೂ ಮುಂಚೆ ಗ್ರೇಮಿಯೊ ಅನ್ನೋ ಕ್ಲಬ್ಬು ಇತ್ತು. ಅದನ್ನು ಕಟ್ಟಿದವರು ಹೆಚ್ಚಾಗಿ ಜರ್ಮನ್ ಮೂಲದ ಬಿಳಿಯರು. ಹೊರಗಿಂದ ಬಂದವರಿಗೆ ಒಳಗೆ ಜಾಗ ಸಿಗದೆ ಇಂಟರ್ ಹುಟ್ಟಿತು. ಕಪ್ಪು ಹುಡುಗರಿಗೆ ಮೊದಮೊದಲು ಇಂಟರಲ್ಲೂ ಜಾಗ ಇರಲಿಲ್ಲ ಅನ್ನೋದನ್ನೂ ಹೇಳಿಬಿಡಬೇಕು. ಅವರು ತಮ್ಮದೇ ಲೀಗು ಕಟ್ಟಿಕೊಂಡು ಆಡಿದರು. ಊರಿನವರು ಅದಕ್ಕೆ ಕಪ್ಪು ಕಣಕಾಲಿನ ಲೀಗು ಅಂತ ಅಡ್ಡಹೆಸರಿಟ್ಟರು. ಬೈಗುಳದ ಹೆಸರೇ ಚರಿತ್ರೆಯಲ್ಲಿ ಉಳಿಯಿತು. ಮುಂದೆ ಇಂಟರ್ ಬಾಗಿಲು ತೆರೆಯಿತು, ಅದಕ್ಕೂ ಜನರ ಕ್ಲಬ್ಬು ಅನ್ನೋ ಬಿರುದು ಬಂತು. ಗ್ರೇಮಿಯೊ 1952ರಲ್ಲಿ ತೆಸೊರಿನ್ಯಾ ಅನ್ನೋ ಕಪ್ಪು ಆಟಗಾರನನ್ನು ಸೇರಿಸಿಕೊಂಡಾಗ ಅದು ಊರಿಗೇ ದೊಡ್ಡ ಸುದ್ದಿ!

ಇನ್ನು ತಿಂಗಾ. ಅದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ, ಕೇರಿಯ ಹೆಸರು. ಪೋರ್ತೊ ಅಲೆಗ್ರೆ ನಗರವನ್ನು ಚೆಂದ ಮಾಡಬೇಕು ಅಂತ 1960ರ ದಶಕದ ಕೊನೆಗೆ ನಡುವಿನ ಗುಡಿಸಲುಗಳನ್ನು ಎತ್ತಂಗಡಿ ಮಾಡಿದರು. ಅಲ್ಲಿದ್ದ ಬಡವರನ್ನು, ಅವರಲ್ಲಿ ಬಹಳಷ್ಟು ಜನ ಕರಿಯರು, ಊರಾಚೆ ದೂರದಲ್ಲಿ ತಂದು ಸುರಿದರು. ಆ ಜಾಗ ರೆಸ್ತಿಂಗಾ. ಅಲ್ಲಿಂದ ಬಂದವನು ತಿಂಗಾ. ನೆಲಕ್ಕೆ ಬಿದ್ದ ಅವನಿಗೆ ನೀನು ನಾಟಕ ಆಡ್ತೀಯ ಅಂದಾಗ ರೆಸ್ತಿಂಗಾದ ಜನರಿಗೆ ಹೇಗನ್ನಿಸಿರಬಹುದು, ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

*

ಈ ಆಟ ಬ್ರೆಜಿಲಿಗೆ ಬಂದದ್ದೇ ಸಾಹೇಬರ ಪೆಟ್ಟಿಗೆಯಲ್ಲಿ. 1894ರಲ್ಲಿ ಚಾರ್ಲ್ಸ್ ಮಿಲ್ಲರ್ ಅನ್ನೋ ತರುಣ ಇಂಗ್ಲೆಂಡಿನ ಓದು ಮುಗಿಸಿ ಸಾವೊ ಪೌಲೊಕ್ಕೆ ವಾಪಸು ಬಂದ. ಜೊತೆಗೆ ಚೆಂಡುಗಳನ್ನೂ ನಿಯಮದ ಪುಸ್ತಕವನ್ನೂ ತಂದ. ಆ ದೇಶದಲ್ಲಿ ಗುಲಾಮಗಿರಿ ರದ್ದಾಗಿ ಆಗ ಆರೇ ವರ್ಷ. ಗುಲಾಮಗಿರಿ ನಿಂತದ್ದು 1888ರಲ್ಲಿ. ಸಂಕೋಲೆ ಕಳಚಿದ ಜನರಿಗೆ ಭೂಮಿ ಕೊಟ್ಟವರಿಲ್ಲ, ಶಾಲೆ ಕೊಟ್ಟವರಿಲ್ಲ. ಸಾಹೇಬರು ಬೇಲಿಯೊಳಗೆ ಆಡೋರು, ಇವರು ಬೇಲಿ ಆಚೆ ನಿಂತು ನೋಡೋರು. ನೋಡಿ ನೋಡಿಯೇ ಕಲಿತರು. ಕಲಿತು ಸಾಹೇಬರನ್ನೇ ಸೋಲಿಸಿದರು.

ಸೋತ ಸಾಹೇಬರು ಏನು ಮಾಡಿದರು? ನಿಯಮ ಬರೆದರು. 1923ರಲ್ಲಿ ರಿಯೊ ನಗರದ ವಾಸ್ಕೊ ದ ಗಾಮಾ ಕ್ಲಬ್ಬು ಕರಿಯರು, ಮಿಶ್ರವರ್ಣದವರು, ಬಡ ಬಿಳಿಯರನ್ನೆಲ್ಲ ಕಟ್ಟಿಕೊಂಡು ಚಾಂಪಿಯನ್ ಆಯಿತು. ಮರುವರ್ಷವೇ ಫ್ಲುಮಿನೆನ್ಸೆ, ಫ್ಲಮೆಂಗೊ, ಬೊತಾಫೊಗೊ ಮುಂತಾದ ದೊಡ್ಡ ಮನೆಯವರ ಕ್ಲಬ್ಬುಗಳು ಬೇರೆ ಸಂಘ ಮಾಡಿಕೊಂಡವು. ಆಟಗಾರ ಓದು ಬರಹ ಬಲ್ಲವನಾಗಿರಬೇಕು, ತನ್ನ ರುಜು ತಾನೇ ಹಾಕಬೇಕು, ಕೀಳು ಕೆಲಸ ಮಾಡುವವನಾಗಿರಬಾರದು. ಇವು ಷರತ್ತುಗಳು. ಚರ್ಮದ ಬಣ್ಣದ ಬಗ್ಗೆ ಒಂದಕ್ಷರ ಇಲ್ಲ ನೋಡಿ! ವಾಸ್ಕೊದ 12 ಜನ ಆಟಗಾರರನ್ನು ಹೊರಗೆ ಹಾಕಿ, ಆಮೇಲೆ ಬನ್ನಿ ಅಂದರು. 1924ರ ಏಪ್ರಿಲ್ 7ರಂದು ವಾಸ್ಕೊ ಅಧ್ಯಕ್ಷ ಜೋಸೆ ಅಗುಸ್ತೊ ಪ್ರೆಸ್ತೆಸ್ ಪತ್ರ ಬರೆದರು. ನಮ್ಮ ಹುಡುಗರನ್ನು ಬಿಟ್ಟು ನಿಮ್ಮ ಸಂಘಕ್ಕೆ ಬರೋದಿಲ್ಲ ಅನ್ನೋದು ಪತ್ರದ ತಿರುಳು. ಬ್ರೆಜಿಲ್ ಫುಟ್‌ಬಾಲಿನ ಚರಿತ್ರೆಯಲ್ಲಿ ನಮಗೆ ಗೋಲಿಗಿಂತ ದೊಡ್ಡದಾಗಿ ಕಾಣುವುದು ಆ ಒಂದು ಹಾಳೆ.

ಈ ಕಥೆಯನ್ನು ಇಲ್ಲಿ ಹೇಳಿದ್ದಕ್ಕೆ ಕಾರಣ ಇದೆ. ರೆಫರಿ ಆಟದ ದಿನ ಮೈದಾನಕ್ಕೆ ಬರ್ತಾನೆ. ಅವನು ಬರೋದಕ್ಕೆ ಮುಂಚೆಯೇ ಯಾರು ಆಡಬೇಕು ಅನ್ನೋ ತೀರ್ಪನ್ನು ಕೋಣೆಯೊಳಗೆ ಕೂತವರು ಬರೆದಾಗಿರ್ತದೆ. ಆಗ ಆಟದ ಹೆಸರಲ್ಲಿ ಕಾಪಾಡಿಕೊಂಡದ್ದು ಅಂತಸ್ತು. 1933ರಲ್ಲಿ ಆಟಗಾರರಿಗೆ ಸಂಬಳ ಕೊಡುವ ಪದ್ಧತಿ ಬಂತು. ಬಡ ಹುಡುಗರಿಗೆ ಅನ್ನದ ದಾರಿ ಆಯಿತು, ಅದನ್ನು ಅಲ್ಲಗಳೆಯೋದು ಬೇಡ. ಆದರೆ ಅನ್ನದ ಹಿಂದೆಯೇ ಲಾಭವೂ ಒಳಗೆ ಬಂತು.

ಲಾಭದ ಮೊದಲ ದೊಡ್ಡ ಅಂಗಡಿ ತೆರೆದದ್ದು ಸರ್ಕಾರವೇ. 1964ರಿಂದ ಬ್ರೆಜಿಲಿನಲ್ಲಿ ಮಿಲಿಟರಿ ಆಳ್ವಿಕೆ. 1970ರಲ್ಲಿ ಪೆಲೆಯ ತಂಡ ವಿಶ್ವಕಪ್ಪು ಗೆದ್ದಿತು, ಅದೇ ವರ್ಷ ಮಿಲಿಟರಿ ಸರ್ಕಾರ ಫುಟ್‌ಬಾಲ್ ಲಾಟರಿ ಶುರು ಮಾಡಿತು. 13 ಪಂದ್ಯಗಳ ಫಲಿತಾಂಶವನ್ನು ಸರಿಯಾಗಿ ಹೇಳಿದವನಿಗೆ ದೊಡ್ಡ ಬಹುಮಾನ. ನಮ್ಮ ಕಡೆ ಮಟ್ಕಾ ನಂಬರ್ ಬರೆಸೋರನ್ನು ಪೊಲೀಸರು ಹಿಡೀತಾರೆ. ಅಲ್ಲಿ ಸರ್ಕಾರವೇ ಚೀಟಿ ಮಾರಿತು. ಬಾಯಿ ತೆರೆದರೆ ಜೈಲು, ಚೀಟಿ ಬರೆದರೆ ಲಕ್ಷಾಧೀಶ. ಕೂಲಿಯವನು ವಾರದ ಸಂಬಳದಲ್ಲಿ ಒಂದಿಷ್ಟು ಅಲ್ಲಿ ಹಾಕಿ ಭಾನುವಾರಕ್ಕೆ ಕಾಯುತ್ತಿದ್ದ.

13 ಪಂದ್ಯ ಊಹಿಸೋದು ಕಷ್ಟ. ಅದರಲ್ಲಿ ಮೂರೋ ನಾಲ್ಕೋ ಮೊದಲೇ ಗೊತ್ತಿದ್ದರೆ? 1982ರ ಅಕ್ಟೋಬರಿನಲ್ಲಿ ಪ್ಲಕಾರ್ ಅನ್ನೋ ಕ್ರೀಡಾ ಪತ್ರಿಕೆ ಇದನ್ನೇ ಬಯಲಿಗೆಳೆಯಿತು. 125 ಜನರ ಹೆಸರು ಅಚ್ಚಾಯಿತು. ಆಟಗಾರರು, ರೆಫರಿಗಳು, ಕ್ಲಬ್ಬಿನ ಪದಾಧಿಕಾರಿಗಳು, ಪತ್ರಕರ್ತರು ಕೂಡ. ಲಾಟರಿಗೆ ಜನರ ನಂಬಿಕೆ ಹೋಯಿತು. ತನಿಖೆ ಮಾತ್ರ ಎಳೆದಾಡಿ ಎಳೆದಾಡಿ ತಣ್ಣಗಾಯಿತು.

ಅದೇ 1982ರಲ್ಲಿ ಕೊರಿಂಥಿಯನ್ಸ್ ಕ್ಲಬ್ಬಿನೊಳಗೆ ಇನ್ನೊಂದು ಪ್ರಯೋಗ ನಡೀತಿತ್ತು ಅನ್ನೋದನ್ನು ಮರೆತರೆ ದ್ರೋಹವಾದೀತು. ಡಾಕ್ಟರ್ ಓದಿದ್ದ ಸೊಕ್ರಾತೆಸ್, ಕರಿಯ ಆಟಗಾರ ವ್ಲಾದಿಮಿರ್, ಇನ್ನೂ ಹರೆಯದ ಕಾಸಾಗ್ರಾಂಡೆ ಸೇರಿ ಕ್ಲಬ್ಬಿನ ತೀರ್ಮಾನಗಳನ್ನೆಲ್ಲ ಮತಕ್ಕೆ ಹಾಕಿದರು. ತರಬೇತಿ ಯಾವಾಗ, ಯಾರನ್ನು ಸೇರಿಸಿಕೊಳ್ಳಬೇಕು, ಗೆದ್ದ ದುಡ್ಡು ಹೇಗೆ ಹಂಚಬೇಕು, ಎಲ್ಲಕ್ಕೂ ಓಟು. ತಾರೆಯ ಓಟಿಗೂ ಸಾಮಾನು ಹೊರುವವನ ಓಟಿಗೂ ಒಂದೇ ಬೆಲೆ. ಮಿಲಿಟರಿ ಆಳ್ವಿಕೆಯ ಕಣ್ಣೆದುರಿಗೇ, ನವೆಂಬರಿನ ಚುನಾವಣೆಯಲ್ಲಿ ಓಟು ಹಾಕಿ ಅಂತ ಬೆನ್ನಿನ ಮೇಲೆ ಬರೆಸಿಕೊಂಡು ಆಡಿದರು. ಒಂದೇ ದೇಶ, ಒಂದೇ ಆಟ, ಒಂದೇ ವರ್ಷ. ಒಂದು ಕಡೆ ಆಟವನ್ನು ಮಾರುವವರ ಪಟ್ಟಿ, ಇನ್ನೊಂದು ಕಡೆ ಆಟವನ್ನು ತಮ್ಮದು ಮಾಡಿಕೊಳ್ಳುವ ಹುಡುಗರು. ಆ ಪ್ರಯೋಗ 1984ರ ಹೊತ್ತಿಗೆ ಮುಗಿಯಿತು. ಮಾರಾಟ ಮುಂದುವರಿಯಿತು.

1997ರಲ್ಲಿ ಸಂಶಯ ಇನ್ನೂ ಮೇಲಕ್ಕೆ ಏರಿತು. ಯಾವ ಪಂದ್ಯಕ್ಕೆ ಯಾವ ರೆಫರಿ ಅಂತ ನೇಮಿಸುವ ರಾಷ್ಟ್ರೀಯ ಸಮಿತಿಗೆ ಆಗ ಐವೆನ್ಸ್ ಮೆಂಡೆಸ್ ಅಧ್ಯಕ್ಷ. ಆತ ಚುನಾವಣೆ ಖರ್ಚಿಗೆ ಅಂತ ಕ್ಲಬ್ಬುಗಳ ಅಧ್ಯಕ್ಷರ ಹತ್ತಿರ ದುಡ್ಡು ಕೇಳುವ ಫೋನ್ ಮಾತುಗಳು ಗ್ಲೋಬೊ ಟಿವಿಯಲ್ಲಿ ಬಿತ್ತರವಾದವು. ಕೊರಿಂಥಿಯನ್ಸ್ ಅಧ್ಯಕ್ಷ ಅಲ್ಬೆರ್ತೊ ದುವಾಲಿಬ್ ಹೆಸರೂ ಆ ಹಗರಣದಲ್ಲಿ ಬಂತು. ಮೆಂಡೆಸ್ ಮನೆಗೆ ಹೋದ. ಈ ಗಲಾಟೆಯಲ್ಲಿ ಹಿಂದಿನ ವರ್ಷ ಕೆಳಗಿನ ದರ್ಜೆಗೆ ಬೀಳಬೇಕಿದ್ದ ಎರಡು ಕ್ಲಬ್ಬುಗಳು ಬೀಳದೆ ಉಳಿದವು. ಅದರಲ್ಲೊಂದು ಫ್ಲುಮಿನೆನ್ಸೆ. 1924ರಲ್ಲಿ ಅಕ್ಷರದ ಪರೀಕ್ಷೆ ಇಟ್ಟವರಲ್ಲಿ ಒಂದಾಗಿದ್ದ ಅದೇ ಕ್ಲಬ್ಬು. (1997ರಲ್ಲೇ ಮತ್ತೆ ಬಿತ್ತು, ಅದರ ಮರುವರ್ಷ ಇನ್ನೂ ಒಂದು ಮೆಟ್ಟಿಲು ಕೆಳಗೆ ಬಿತ್ತು. ಆಟಕ್ಕೂ ಒಂದು ನ್ಯಾಯ ಇರ್ತದೆ ಅಂತ ಆಗ ಜನ ನಕ್ಕಿರಬೇಕು.)

ಇಂಥ ಹಗರಣಗಳ ಬಿಸಿಯಲ್ಲೇ 2003ರಲ್ಲಿ ಪ್ರೇಕ್ಷಕರ ಹಕ್ಕಿನ ಕಾಯಿದೆ ಬಂತು. ಅದರಲ್ಲಿ ಒಂದು ಒಳ್ಳೆ ಕಲಮು. ರೆಫರಿಯನ್ನು ಯಾರದೋ ಕೋಣೆಯಲ್ಲಿ ನೇಮಿಸುವ ಹಾಗಿಲ್ಲ, ಎಲ್ಲರೆದುರು ಚೀಟಿ ಎತ್ತಿ ಆರಿಸಬೇಕು. ಇದು ನೋಡುವ ಜನರ ಹಕ್ಕು. ಕಾಗದದ ಮೇಲೆ ಚೆನ್ನಾಗಿತ್ತು. ಇನ್ನು ಮೇಲೆ ರೆಫರಿಯನ್ನು ಕೊಳ್ಳೋದು ಸಾಧ್ಯವೇ ಇಲ್ಲ ಅಂತ ನಂಬಿದವರಿದ್ದರು.

*

ಎರಡೇ ವರ್ಷ. 2005ರ ಸೆಪ್ಟೆಂಬರಿನಲ್ಲಿ ವೇಜಾ ಅನ್ನೋ ವಾರಪತ್ರಿಕೆ ಸುದ್ದಿ ಒಡೆಯಿತು. ಎಡಿಲ್ಸನ್ ಪೆರೇರಾ ದ ಕರ್ವಾಲ್ಯೊ ಅನ್ನೋ ರೆಫರಿ ಪಂದ್ಯಗಳನ್ನು ಮಾರಿಕೊಳ್ತಿದ್ದ. ಅವನು ಸಾಮಾನ್ಯ ರೆಫರಿಯಲ್ಲ, ಅಂಗಿ ಮೇಲೆ ಫಿಫಾದ ಬಿಲ್ಲೆ ಇದ್ದವನು. ಸಾವೊ ಪೌಲೊದ ಸರ್ಕಾರಿ ವಕೀಲರೂ ಪೊಲೀಸರೂ ತಿಂಗಳುಗಟ್ಟಲೆ ಫೋನು ಕದ್ದು ಕೇಳಿದ್ದರು. ಕೆಲವು ವ್ಯಾಪಾರಸ್ಥರು ಕಂಪ್ಯೂಟರ್ ಮೇಲೆ ಬಾಜಿ ಕಟ್ಟೋದು, ರೆಫರಿ ಅವರಿಗೆ ಬೇಕಾದ ಹಾಗೆ ಊದೋದು. ಒಂದು ಪಂದ್ಯಕ್ಕೆ ಹತ್ತು ಸಾವಿರ ರಿಯಾಲ್ ಆಸುಪಾಸು. ಬ್ರೆಜಿಲಿನ ನಾಣ್ಯಕ್ಕೆ ರಿಯಾಲ್ ಅಂತಾರೆ. ಇನ್ನೊಬ್ಬ ರೆಫರಿಯ ಹೆಸರೂ ಹೊರಬಂತು. ಪತ್ರಿಕೆಗಳು ಈ ಗುಂಪಿಗೆ ಸೀಟಿ ಮಾಫಿಯಾ ಅಂತ ಹೆಸರಿಟ್ಟವು.

ಚೀಟಿ ಎತ್ತುವ ಪದ್ಧತಿ ಏನಾಯಿತು ಅಂತ ಕೇಳ್ತೀರಿ. ಏನೂ ಆಗಲಿಲ್ಲ, ಸರಿಯಾಗೇ ನಡೀತು. ಜೂಜುಕೋರ ಈ ಪಂದ್ಯಕ್ಕೆ ಇವನೇ ಬರಲಿ ಅಂತ ಯಾರನ್ನೂ ಕಾಡಬೇಕಾಗಿರಲಿಲ್ಲ. ತನ್ನವನ ಚೀಟಿ ಯಾವ ಪಂದ್ಯಕ್ಕೆ ಬಂತೋ ಆ ಪಂದ್ಯದ ಮೇಲೆ ದುಡ್ಡು ಹಾಕಿದರಾಯಿತು. ಕ್ಲಬ್ಬು ರೆಫರಿಯನ್ನು ಕೊಳ್ಳುವುದು ತಾನು ಗೆಲ್ಲಲಿಕ್ಕೆ. ಜೂಜಿನವನಿಗೆ ಯಾರು ಗೆದ್ದರೂ ಒಂದೇ, ಮೊದಲೇ ಗೊತ್ತಿದ್ದರೆ ಸಾಕು. ಹಳೇ ಕಳ್ಳನಿಗೆ ಹಾಕಿದ ಬೀಗದಿಂದ ಹೊಸ ಕಳ್ಳ ನಿಲ್ಲಲಿಲ್ಲ.

ರೆಫರಿ ಆಟವನ್ನು ಕೆಡಿಸುವುದು ಹೇಗೆ ಅಂತ ಆಡಿದವರಿಗೆ ಗೊತ್ತು. ಇಲ್ಲದ ಪೆನಾಲ್ಟಿ ಕೊಡೋದು ಕಡೆಯ ಆಯುಧ, ಅದು ಎಲ್ಲರ ಕಣ್ಣಿಗೂ ಬೀಳ್ತದೆ. ಅದಕ್ಕೆ ಮುಂಚೆ ಸಣ್ಣಸಣ್ಣವು ಬೇಕಾದಷ್ಟಿವೆ. ನಡುಮೈದಾನದಲ್ಲಿ ಒಂದು ಕಡೆಯ ಫೌಲಿಗೆಲ್ಲ ಊದಿ ಓಟ ಮುರಿಯೋದು, ಒಳ್ಳೆ ಆಟಗಾರನಿಗೆ ಬೇಗ ಹಳದಿ ತೋರಿಸಿ ಅವನು ಹೆದರಿ ಆಡುವ ಹಾಗೆ ಮಾಡೋದು, ಮಾತಲ್ಲಿ ಕೆಣಕಿ ಸಿಟ್ಟು ಬರಿಸೋದು. ಇಷ್ಟೆಲ್ಲ ಮಾಡಿಯೂ ಎಡಿಲ್ಸನ್ ಕೆಲವು ಸಲ ಸೋತ. ಅವನ ಲೆಕ್ಕವನ್ನು ಕಾಲಲ್ಲಿ ಒದ್ದು ಕೆಡಿಸಿದವರು ಆಟಗಾರರೇ. ಬಾಜಿ ಕಟ್ಟಿದವರು ದುಡ್ಡು ಕಳಕೊಂಡದ್ದೂ ಇದೆ. ಈ ಹೊಲಸು ಕಥೆಯಲ್ಲಿ ನಮಗೆ ಸ್ವಲ್ಪ ನಗು ಬರುವುದು ಇಲ್ಲಿ.

ಆದರೆ ಅದೇ ಕಾರಣಕ್ಕೆ ಮುಂದಿನ ಸಮಸ್ಯೆಯೂ ಬಂತು. ಆ ವರ್ಷದ ರಾಷ್ಟ್ರೀಯ ಲೀಗಿನಲ್ಲಿ ಅವನು ಊದಿದ್ದು 11 ಪಂದ್ಯ. ಅದರಲ್ಲಿ ಯಾವುದು ನಿಜವಾಗಿ ಕೆಟ್ಟಿದೆ, ಯಾವುದು ಕೆಟ್ಟಿಲ್ಲ? ಬಿಡಿಸಿ ನೋಡುವ ತಾಳ್ಮೆ ಯಾರಿಗೂ ಇರಲಿಲ್ಲ. ಕ್ರೀಡಾ ನ್ಯಾಯಮಂಡಳಿಯ ಅಧ್ಯಕ್ಷ ಲೂಯಿಜ್ ಜ್ವೈತರ್ ಅಕ್ಟೋಬರ್ ಮೊದಲಲ್ಲೇ 11ನ್ನೂ ಒಂದೇ ಏಟಿಗೆ ರದ್ದು ಮಾಡಿ, ಎಲ್ಲವನ್ನೂ ಮತ್ತೆ ಆಡಿ ಅಂದ.

ಇಲ್ಲಿ ನಾವು ಸ್ವಲ್ಪ ಲೆಕ್ಕ ಮಾಡಬೇಕು. ಮಾಸ್ತರರು ಬೋರ್ಡಿನ ಮೇಲೂ ಬರೆದು ತೋರಿಸಬಹುದಾದ ಲೆಕ್ಕ. ಗೆದ್ದರೆ 3 ಅಂಕ, ಸಮ ಆದರೆ 1, ಸೋತರೆ ಸೊನ್ನೆ. ಮೊದಲ ಸಲ ಕೊರಿಂಥಿಯನ್ಸ್ ತಂಡ ಸಾಂತೋಸ್ ಎದುರು 4-2ರಲ್ಲೂ ಸಾವೊ ಪೌಲೊ ಕ್ಲಬ್ಬಿನ ಎದುರು 3-2ರಲ್ಲೂ ಸೋತಿತ್ತು. ಎರಡರಿಂದ ಬಂದದ್ದು ಸೊನ್ನೆ. ಮರು ಆಟದಲ್ಲಿ ಸಾಂತೋಸನ್ನು 3-2ರಿಂದ ಗೆದ್ದಿತು, ಸಾವೊ ಪೌಲೊ ಜೊತೆ 1-1 ಸಮ. ಬಂದದ್ದು 4 ಅಂಕ. ಇಂಟರ್ ಮೊದಲ ಸಲವೂ ಕೊರಿಟಿಬಾ ತಂಡವನ್ನು 3-2ರಿಂದ ಗೆದ್ದಿತ್ತು, ಮರು ಆಟದಲ್ಲೂ 3-2ರಿಂದಲೇ ಗೆದ್ದಿತು. ಹೊಸದಾಗಿ ಬಂದದ್ದು ಏನೂ ಇಲ್ಲ. ಡಿಸೆಂಬರಿನಲ್ಲಿ ಲೀಗು ಮುಗಿದಾಗ ಕೊರಿಂಥಿಯನ್ಸ್ 81, ಇಂಟರ್ 78. ಆ 4 ಅಂಕ ಕಳೆದು ನೋಡಿ. 77ಕ್ಕೆ 78. ಇಂಟರ್ ಚಾಂಪಿಯನ್!

ಈಗ ನವೆಂಬರ್ 20ಕ್ಕೆ ವಾಪಸು ಬನ್ನಿ. ಲೆಕ್ಕ ಮೊದಲೇ ಬುಡಮೇಲಾಗಿದೆ, ಜನ ಕುದೀತಿದ್ದಾರೆ, ಅಂಥ ಹೊತ್ತಲ್ಲಿ ತಿಂಗಾ ಬೀಳ್ತಾನೆ, ಕಾರ್ಡು ಅವನಿಗೇ ಬರ್ತದೆ. ಯಾರು ನಂಬ್ತಾರೆ ಸ್ವಾಮಿ, ಅದು ಕಣ್ತಪ್ಪು ಅಂತ?

ಇನ್ನೂ ಒಂದು ಕಾರಣ ಇತ್ತು. 2004ರ ಕೊನೆಗೆ ಕೊರಿಂಥಿಯನ್ಸ್ ಅಧ್ಯಕ್ಷ ದುವಾಲಿಬ್, ಹೌದು ಅದೇ ದುವಾಲಿಬ್, ಎಂ.ಎಸ್.ಐ. ಅನ್ನೋ ವಿದೇಶಿ ಬಂಡವಾಳದ ಕಂಪನಿಯ ಜೊತೆ ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿದ್ದ. ದುಡ್ಡು ಯಾರದು ಅಂತ ಕೇಳಿದವರಿಗೆ ನೇರ ಉತ್ತರ ಇರಲಿಲ್ಲ. ಆ ದುಡ್ಡಲ್ಲಿ ಅರ್ಜೆಂಟೀನಾದ ತೆವೆಸ್ ಬಂದ, ಸುಮಾರು 2 ಕೋಟಿ ಡಾಲರಿಗೆ. ಬಣ್ಣ ಬಳಿಯುವವರೂ ಜೋಡು ಹೊಲಿಯುವವನೂ ಕಟ್ಟಿದ ಕ್ಲಬ್ಬಿನ ಕೀಲಿಕೈ ಹೆಸರು ಹೇಳದ ಧಣಿಗಳ ಕೈಗೆ ಹೋಗಿತ್ತು. ಹಾಗಂತ ಎಂ.ಎಸ್.ಐ. ರೆಫರಿಗಳನ್ನು ಕೊಂಡಿತ್ತು ಅಂತ ಯಾರೂ ಸಾಬೀತು ಮಾಡಲಿಲ್ಲ. ಎಡಿಲ್ಸನ್ನನ ಗಿರಾಕಿಗಳು ಬೇರೆಯವರು. ಇದನ್ನು ನಾವು ಒತ್ತಿ ಹೇಳ್ತೇವೆ, ಯಾಕೆಂದರೆ ಸಿಟ್ಟು ಇದ್ದಲ್ಲಿ ಎಲ್ಲವನ್ನೂ ಒಂದೇ ಗಂಟು ಕಟ್ಟುವ ಚಟ ನಮ್ಮವರಿಗೂ ಇದೆ. ಆದರೆ ಹಣದ ಮೂಲ ಮುಚ್ಚಿಟ್ಟವರು, ಜನ ಸಂಶಯ ಪಡ್ತಾರೆ ಅಂತ ದೂರೋ ಹಾಗಿಲ್ಲ. 2007ರಲ್ಲಿ ತನಿಖೆಯ ನಡುವೆ ದುವಾಲಿಬ್ ಅಧಿಕಾರ ಬಿಟ್ಟ. ಅದೇ ವರ್ಷ ಡಿಸೆಂಬರಿನಲ್ಲಿ ಕೊರಿಂಥಿಯನ್ಸ್ ಎರಡನೇ ದರ್ಜೆಗೆ ಬಿತ್ತು. ಬೀದಿಯಲ್ಲಿ ಅತ್ತವರು ಆ ತಂಡದ ಬಡ ಅಭಿಮಾನಿಗಳು.

*

ಕೋರ್ಟು ಏನು ಮಾಡಿತು? ಎಡಿಲ್ಸನ್ ತಪ್ಪು ಒಪ್ಪಿಕೊಂಡಿದ್ದ. ಫೋನಿನ ಮಾತು ಟೇಪಿನಲ್ಲಿತ್ತು. ಫುಟ್‌ಬಾಲ್ ಮಂಡಳಿ ಅವನನ್ನು ಜೀವಮಾನ ಪೂರ್ತಿ ಹೊರಗೆ ಹಾಕಿತು. ಕ್ರಿಮಿನಲ್ ಕೇಸು ನಾಲ್ಕು ವರ್ಷ ತೆವಳಿತು. 2009ರಲ್ಲಿ ಸಾವೊ ಪೌಲೊದ ಮೇಲಿನ ಕೋರ್ಟು ಕೇಸನ್ನೇ ಮುಚ್ಚಿಬಿಟ್ಟಿತು. ಈ ಕೆಲಸ ಮೋಸದ ಕಲಮಿಗೆ ಹೊಂದೋದಿಲ್ಲ ಅಂತ. ರೆಫರಿಗೂ ಜೈಲು ಶಿಕ್ಷೆ ಆಗಲಿಲ್ಲ, ಬಾಜಿ ಕಟ್ಟಿದವರಿಗೂ ಆಗಲಿಲ್ಲ.

ನಾವು ವಕೀಲರಲ್ಲ. ಆದರೂ ಈ ತೀರ್ಪಿನ ಮುಂದೆ ಸ್ವಲ್ಪ ನಿಲ್ಲಬೇಕು ಅನ್ನಿಸ್ತದೆ. ಮೋಸ ಅಂದರೆ ಒಬ್ಬನನ್ನು ನಂಬಿಸಿ ಅವನಿಗೆ ನಷ್ಟ ಮಾಡಿ ಇನ್ನೊಬ್ಬ ಲಾಭ ತಗೊಳ್ಳೋದು. ಹಾಗಾದರೆ ಇಲ್ಲಿ ನಂಬಿದವರು ಯಾರು? ನಷ್ಟ ಆದದ್ದು ಯಾರಿಗೆ? ಎರಡು ಬಸ್ಸು ಬದಲಿಸಿ ರೆಸ್ತಿಂಗಾದಿಂದ ಬಂದು ಟಿಕೀಟು ತಗೊಂಡು ಮಳೆಯಲ್ಲಿ ನಿಂತು ನೋಡಿದವನಿಗೆ ಆಗಲಿಲ್ಲವೆ? ಟಿಕೀಟಿನ ದುಡ್ಡನ್ನಾದರೂ ಎಣಿಸಬಹುದು. ಭಾನುವಾರ ಒಂದು ದಿನವಾದರೂ ತನ್ನ ಕೈಮೀರಿದ ಒಂದು ಜಾಗದಲ್ಲಿ ಸರಿಯಾದ ಲೆಕ್ಕ ನಡೀತದೆ ಅಂತ ಅವನು ಇಟ್ಟ ನಂಬಿಕೆಗೆ ಯಾವ ಕಲಮು? ಜೂಜಿನ ಅಂಗಡಿಗೆ ಆದ ನಷ್ಟ ನಷ್ಟ, ನೋಡುವ ಜನಕ್ಕೆ ಆದದ್ದು ನಷ್ಟವೇ ಅಲ್ಲ. ಅವನು ಕಾನೂನಿನ ಕಣ್ಣಿಗೆ ಬೀಳೋದೇ ಇಲ್ಲ. ಎಲ್ಲರೂ ಕೂಗುವಾಗ ಅವನು ಜನಸ್ತೋಮ, ಲೆಕ್ಕ ಹಾಕುವಾಗ ಅವನು ಯಾರೂ ಅಲ್ಲ.

2010ರ ಜುಲೈನಲ್ಲಿ ಅದೇ ಪ್ರೇಕ್ಷಕರ ಕಾಯಿದೆಗೆ ತಿದ್ದುಪಡಿ ತಂದು, ಫಲಿತಾಂಶ ಕೆಡಿಸಲು ಲಂಚ ಕೊಟ್ಟರೂ ತಗೊಂಡರೂ 2ರಿಂದ 6 ವರ್ಷ ಜೈಲು ಅಂತ ಬರೆದರು. ಕುದುರೆ ಓಡಿಹೋದ ಮೇಲೆ ಲಾಯದ ಬಾಗಿಲು ರಿಪೇರಿ. ಆದರೂ ಆಗಲಿ, ಬಾಗಿಲು ಬೇಕಿತ್ತು.

ರೆಫರಿಯ ಬಗ್ಗೆಯೂ ಒಂದು ಮಾತು. ನಮ್ಮಲ್ಲೇ ಎರಡು ಅಭಿಪ್ರಾಯ ಇವೆ. ಕೋಟಿಗಟ್ಟಲೆ ಸುರಿಯುವ ಆಟದಲ್ಲಿ ಅವತ್ತಿನ ಬ್ರೆಜಿಲ್ ರೆಫರಿಗೆ ತಿಂಗಳ ಸಂಬಳ ಇರಲಿಲ್ಲ. ಪಂದ್ಯ ಬಂದರೆ ಕೂಲಿ, ಚೀಟಿ ಬರದಿದ್ದರೆ ಇಲ್ಲ. ಕಾಲು ಉಳುಕಿದರೆ ಕೇಳೋರಿಲ್ಲ. ರೆಫರಿ ಕೆಲಸ ಒಂದು ವೃತ್ತಿ ಅಂತ ಅಲ್ಲಿನ ಕಾನೂನು ಒಪ್ಪಿದ್ದೇ 2013ರಲ್ಲಿ. ಎಲ್ಲರ ದುಡಿಮೆಗೂ ತೀರ್ಪು ಕೊಡುವವನನ್ನೇ ದಿನಗೂಲಿಯವನಾಗಿ ಇಟ್ಟರೆ ಅವನ ಸೀಟಿ ಅಗ್ಗಕ್ಕೆ ಸಿಗದೆ ಏನಾಗ್ತದೆ ಅಂತ ಕೆಲವರ ವಾದ. ಇನ್ನು ಕೆಲವರು ಹೇಳ್ತಾರೆ, ಅದೇ ಕೂಲಿಗೆ ಬೇರೆ ನೂರಾರು ರೆಫರಿಗಳು ನಿಯತ್ತಾಗಿ ಊದಿದರಲ್ಲ, ಅವರಿಗೇನು ಹೇಳ್ತೀರಿ ಅಂತ. ಎರಡನೇ ಮಾತನ್ನು ತಳ್ಳಿಹಾಕಲು ನಮಗೆ ಆಗೋದಿಲ್ಲ. ಬಡತನವನ್ನು ಕಳ್ಳತನದ ನೆಪ ಮಾಡೋದು ಬಡವರಿಗೇ ಮಾಡುವ ಅವಮಾನ. ಆದರೆ ಜೀವಮಾನ ಪೂರ್ತಿ ಹೆಸರು ಕೆಟ್ಟದ್ದು ಊದಿದವನದು ಮಾತ್ರ, ಊದಿಸಿದವರ ಹೆಸರು ಇವತ್ತು ಬ್ರೆಜಿಲಿನಲ್ಲೂ ಹೆಚ್ಚು ಜನರಿಗೆ ನೆನಪಿಲ್ಲ. ಇದನ್ನೂ ತಳ್ಳಿಹಾಕಲು ಆಗೋದಿಲ್ಲ.

ಆಮೇಲಿನ ಕಥೆ ಬೇಗ ಹೇಳಿಬಿಡ್ತೇವೆ. 2018ರ ಕೊನೆಗೆ ಫೋನಿನಲ್ಲಿ ಬಾಜಿ ಕಟ್ಟುವ ದಂಧೆಗೆ ಕಾನೂನಿನ ಬಾಗಿಲು ತೆರೆಯಿತು. 2023ರ ಡಿಸೆಂಬರಿನಲ್ಲಿ ಅದಕ್ಕೆ ನಿಯಮ ಮಾಡಿದರು, 2025ರ ಜನವರಿಯಿಂದ ಲೈಸೆನ್ಸು. 2005ರಲ್ಲಿ ಕಳ್ಳದಾರಿಯಲ್ಲಿ ನಡೆದ ವ್ಯವಹಾರ ಈಗ ಆಟಗಾರನ ಎದೆ ಮೇಲೆ ದೊಡ್ಡ ಅಕ್ಷರದಲ್ಲಿ ಬಂತು. 2024ರಲ್ಲಿ ಮೊದಲ ದರ್ಜೆಯ 20 ಕ್ಲಬ್ಬುಗಳಲ್ಲಿ ಬಹುಪಾಲು ಬಾಜಿ ಕಂಪನಿಗಳ ಹೆಸರು ಹೊತ್ತು ಆಡಿದವು. ಕೊರಿಂಥಿಯನ್ಸೂ ಅದರಲ್ಲಿತ್ತು.

ಈಗ ಗೆಲುವು ಸೋಲಿನ ಮೇಲಷ್ಟೇ ಅಲ್ಲ, ಯಾರಿಗೆ ಹಳದಿ ಕಾರ್ಡು ಬರ್ತದೆ ಅನ್ನೋದರ ಮೇಲೂ ಬಾಜಿ ಕಟ್ಟಬಹುದು. ಗೊಯಾಸ್ ರಾಜ್ಯದ ಸರ್ಕಾರಿ ವಕೀಲರು 2023ರಲ್ಲಿ ಹೊರಗೆ ತಂದ ಹಗರಣ ಇದೇ. ಹಿಂದಿನ ವರ್ಷದ ಪಂದ್ಯಗಳಲ್ಲಿ ಆಟಗಾರರು ದುಡ್ಡು ತಗೊಂಡು ಬೇಕಂತ ಫೌಲು ಮಾಡಿ ಕಾರ್ಡು ತಗೊಂಡಿದ್ದರು. ರೆಫರಿ ಪಾಪ ನಿಯತ್ತಾಗಿ ಜೇಬಿಗೆ ಕೈ ಹಾಕಿ ಕಾರ್ಡು ತೆಗೀತಾನೆ; ಅದು ಮೊದಲೇ ಮಾರಾಟವಾಗಿರ್ತದೆ. ಸೀಟಿಯವನನ್ನು ಕೊಳ್ಳುವ ಖರ್ಚೂ ಉಳಿಯಿತು. 2024ರಲ್ಲಿ ಸೆನೆಟ್ಟು ತನಿಖಾ ಸಮಿತಿ ಮಾಡಿತು. ಬೊತಾಫೊಗೊ ಕ್ಲಬ್ಬನ್ನು ಕೊಂಡಿದ್ದ ಅಮೆರಿಕದ ಉದ್ಯಮಿ ಜಾನ್ ಟೆಕ್ಸ್ಟರ್ ಅಲ್ಲಿ ಬಂದು, ಪಂದ್ಯಗಳು ಕೆಟ್ಟಿವೆ ಅಂತ ಕಂಪ್ಯೂಟರ್ ವರದಿಗಳನ್ನು ಮುಂದಿಟ್ಟ. ಅವನ ಸಾಕ್ಷಿಯನ್ನು ಕ್ರೀಡಾ ನ್ಯಾಯಮಂಡಳಿ ಒಪ್ಪಲಿಲ್ಲ. ಅದೇ ವರ್ಷ ಲೀಗು ಗೆದ್ದದ್ದು ಅವನದೇ ತಂಡ. ಒಂದು ಕಾಲದಲ್ಲಿ ಸಂಶಯವಾದರೂ ಗ್ಯಾಲರಿಯ ಜನರ ಸ್ವಂತ ಆಸ್ತಿಯಾಗಿತ್ತು. ಈಗ ಅದಕ್ಕೂ ಧಣಿಗಳು ಬಂದಿದ್ದಾರೆ.

ತಿಂಗಾನ ಕಥೆ ಸ್ವಲ್ಪ ಉಳಿದಿದೆ. 2006ರ ಆಗಸ್ಟ್ 16ರಂದು, ಆ ಕೆಂಪು ಕಾರ್ಡು ಕಂಡು ಒಂಬತ್ತು ತಿಂಗಳಾಗುವ ಮೊದಲೇ, ಇಂಟರ್ ತಂಡ ತನ್ನ ಬೆಯ್ರಾ ರಿಯೊ ಮೈದಾನದಲ್ಲಿ ಇಡೀ ದಕ್ಷಿಣ ಅಮೆರಿಕದ ಕಪ್ಪಿಗಾಗಿ ಆಡ್ತಿತ್ತು. ಎದುರಿಗೆ ಸಾವೊ ಪೌಲೊ ಕ್ಲಬ್ಬು. ದ್ವಿತೀಯಾರ್ಧದಲ್ಲಿ ತಿಂಗಾ ತಲೆಯಿಂದ ಗೋಲು ಹೊಡೆದ. ಖುಷಿ ತಡೀಲಾರದೆ ಅಂಗಿಯನ್ನು ಮುಖದ ಮೇಲಕ್ಕೆ ಎಳಕೊಂಡು ಓಡಿದ. ಅಂಗಿ ಎತ್ತಿದರೆ ಹಳದಿ ಕಾರ್ಡು ಅಂತ ಪುಸ್ತಕದಲ್ಲಿದೆ. ಅವತ್ತೂ ಅವನಿಗೆ ಅದು ಎರಡನೆಯದು. ಕೆಂಪು. ಸಾವೊ ಪೌಲೊದವರು ಇನ್ನೊಂದು ಗೋಲು ಹೊಡೆದು 2-2 ಮಾಡಿದರು. ಉಳಿದ ಹತ್ತು ಜನ ಹಲ್ಲು ಕಚ್ಚಿ ಆಡಿ ಮುಗಿಸಿದರು. ಮೊದಲ ಪಂದ್ಯದ ಗೆಲುವೂ ಸೇರಿ ಕಪ್ಪು ಇಂಟರಿಗೆ ಬಂತು. ರೆಸ್ತಿಂಗಾದ ಹುಡುಗ ಅದನ್ನು ಗೆದ್ದದ್ದು ಮೈದಾನದ ಹೊರಗಿದ್ದುಕೊಂಡೇ.